ಘಾನಾಗೆ ಹೊರಟವರಿಗೆ ಜಯನಗರದ ಕ್ಲಾಸ್: ಹೋಗಿ, ಆದರೆ ಲಸಿಕೆ ಮೊದಲೇ ನೋಡ್ಕೊಳ್ಳಿ

ಜಯನಗರದ ಒಂದು ಟ್ರಾವೆಲ್ ಆಫೀಸಿನವರು ಘಾನಾಗೆ ಹೊರಟವರಿಗೆ ಭಾನುವಾರ ಬೆಳಿಗ್ಗೆ ಕ್ಲಾಸ್ ನಡೆಸುತ್ತಾರೆ. ಹೆಸರು ಹಾಕಲ್ಲ, ಬೈಯೋದೂ ಸ್ವಲ್ಪ ಇದೆ.

ಕ್ಲಾಸ್ ತಗೊಳ್ಳುವ ಮೇಡಂ ಘಾನಾದ ರಾಜಧಾನಿ ಅಕ್ರಾದಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ಸ್ಲೈಡ್ ಓದಲ್ಲ, ಮಾಡಿಸಿ ತೋರಿಸುತ್ತಾರೆ. ಎಡಗೈಯಲ್ಲಿ ಏನನ್ನೂ ಕೊಡಬಾರದು ಅಂದಾಗ "ಅದು ನಮ್ಮನೇಲೂ ಹಾಗೇ ಅಲ್ವಾ" ಅಂತ ಪಕ್ಕದ ಆಂಟಿ ನಕ್ಕರು. ಮೇಡಂ ಅವರನ್ನೇ ಎಬ್ಬಿಸಿ, ಬಲಗೈಗೆ ಭಾರದ ಬ್ಯಾಗ್ ಹಿಡಿಸಿ, ಈಗ ತರಕಾರಿಯವಳಿಗೆ ದುಡ್ಡು ಕೊಡಿ ಅಂದರು. ಎಡಗೈ ತಾನಾಗೇ ಮುಂದೆ ಬಂತು! ಅಂಗಡಿಗೆ ನುಗ್ಗಿ ನೇರ ರೇಟು ಕೇಳಬಾರದು, ಮೊದಲು ಹೇಗಿದ್ದೀರಿ ಅಂತ ವಿಚಾರಿಸಬೇಕು ಅನ್ನೋದನ್ನೂ ಹೀಗೇ ಆಡಿಸಿಯೇ ಕಲಿಸಿದರು.

ಟ್ರೋ-ಟ್ರೋ ಬಗ್ಗೆ ಹೇಳಿದ್ದು ಸೂಪರ್. ನಮ್ಮ ಮ್ಯಾಕ್ಸಿಕ್ಯಾಬ್ ಥರದ ವ್ಯಾನು, ನಿಲ್ದಾಣದಲ್ಲಿ ಸೀಟು ತುಂಬುವವರೆಗೆ ಅಲ್ಲಾಡಲ್ಲ, ಸ್ಟಾಪಿನ ಹೆಸರು ಕೂಗುವ 'ಮೇಟ್' ಕೈಗೇ ದುಡ್ಡು ಕೊಡಬೇಕು. ಘಾನಾ ಕರಾವಳಿಯ ಎಲ್ಮಿನಾ ಕೋಟೆಯ ವಿಷಯ ಬಂದಾಗ ಮಾತ್ರ ಅವರ ದನಿ ಬದಲಾಯಿತು. 1482ರಲ್ಲಿ ಪೋರ್ಚುಗೀಸರು ಕಟ್ಟಲು ಶುರುಮಾಡಿದ್ದು, ಆಮೇಲೆ ಗುಲಾಮರನ್ನು ಹಡಗು ಹತ್ತಿಸುವ ಮುಂಚೆ ಕೂಡಿಹಾಕಿದ ಜಾಗ. ಅಲ್ಲಿ ಹಲ್ಲು ಕಿರಿದು ಸೆಲ್ಫಿ ಬೇಡ ಅಂದರು. ಸರಿಯಾದ ಮಾತು.

ಈಗ ದೂರು. ಹಳದಿ ಜ್ವರದ ಲಸಿಕೆ ವಿಷಯ ಬಂದದ್ದು ಕೊನೆಗೆ, ಜನ ಚಪ್ಪಲಿ ಹುಡುಕುತ್ತಿದ್ದಾಗ. ಘಾನಾದೊಳಗೆ ಬಿಡಲು ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಕಾರ್ಡ್ ಬೇಕೇ ಬೇಕು, ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು, ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನವರೇ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಎಲ್ಲಾ ಕ್ಲಿನಿಕ್‌ನಲ್ಲೂ ಹಾಕಲ್ಲ, ಸರ್ಕಾರ ಒಪ್ಪಿದ ಸೆಂಟರ್‌ಗೇ ಹೋಗಬೇಕು. ಇಷ್ಟು ಮುಖ್ಯವಾದದ್ದನ್ನು ಮೊದಲ ಐದು ನಿಮಿಷದಲ್ಲಿ ಹೇಳಲು ಏನು ಕಷ್ಟ? ಮಲೇರಿಯಾ ಮಾತ್ರೆಗೆ "ಡಾಕ್ಟರನ್ನ ಕೇಳಿ" ಅಷ್ಟೇ.

ಸಸ್ಯಾಹಾರಿಗಳಿಗೂ "ಕಷ್ಟ, ಚಟ್ನಿಪುಡಿ ಒಯ್ಯಿರಿ" ಅಂತ ಹೇಳಿ ಸುಮ್ನಾದರು. ಅಷ್ಟೊಂದು ಕಷ್ಟ ಇಲ್ಲ. ರೆಡ್ ರೆಡ್ ಅಂತ ಸಿಗುತ್ತೆ, ತಾಳೆ ಎಣ್ಣೆಯಲ್ಲಿ ಮಾಡಿದ ಅಲಸಂದೆ ಗೊಜ್ಜು, ಜೊತೆಗೆ ಕರಿದ ಬಾಳೆ. ಕೆಲವರು ಮೀನು ಹಾಕುತ್ತಾರೆ, ಕೇಳಿ ತಿನ್ನಿ. ಶುಂಠಿ, ಖಾರ ಹಚ್ಚಿ ಕರಿದ ಬಾಳೆಹಣ್ಣು ಕೆಲೆವೆಲೆ ಸಂಜೆ ರಸ್ತೆ ಬದಿಯಲ್ಲಿ ಸಿಗುತ್ತೆ.

ಐದಕ್ಕೆ ಮೂರೂವರೆ. ಕಾಫಿ ಚೆನ್ನಾಗಿತ್ತು. ಕಾರು ತರಬೇಡಿ, ಆ ಕ್ರಾಸಿನಲ್ಲಿ ನಿಲ್ಲಿಸಲು ಜಾಗವೇ ಇಲ್ಲ.