ಥಿಯೋಫ್ಲೇವಿನ್ ಟಿ: ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಅರಿಶಿನದ ಜೊತೆ ಹುಷಾರು

ಪ್ರೋಟೀನ್ ಮುದ್ದೆಗಟ್ಟುವುದನ್ನು ಅಳೆಯಬೇಕು, ಕಿಟ್‌ಗಳ ಬೆಲೆ ನೋಡಿದರೆ ತಲೆ ತಿರುಗುತ್ತೆ ಅನ್ನುವವರು ಮೊದಲು ಈ ಹಳದಿ ಪುಡಿ ತಗೊಳ್ಳಿ. 1959ರಿಂದ ಅಮೈಲಾಯ್ಡ್ (ತಪ್ಪಾಗಿ ಮಡಚಿ ನಾರಿನಂತೆ ಮುದ್ದೆಗಟ್ಟಿದ ಪ್ರೋಟೀನ್) ಹುಡುಕಲು ಬಳಸುತ್ತಿರುವ ಡೈ ಇದು. ಪ್ಲೇಟಿನ ಒಂದೊಂದು ವೆಲ್‌ಗೆ (ಪುಟ್ಟ ಗುಂಡಿಗೆ) 10-20 ಮೈಕ್ರೋಮೋಲಾರ್ ಸಾಕು, ಹಾಗಾಗಿ ಚಿಕ್ಕ ಬಾಟಲಿಯೂ ಬೇಗ ಖಾಲಿಯಾಗುವುದಿಲ್ಲ.

ಕೆಲಸ ಅಚ್ಚುಕಟ್ಟು. ಕೈ ಪಳಗಿಸಿಕೊಳ್ಳಲು ದುಬಾರಿ ಅಮೈಲಾಯ್ಡ್ ಬೀಟಾ (ಆಲ್‌ಝೈಮರ್ ರೋಗಿಗಳ ಮಿದುಳಿನಲ್ಲಿ ಮುದ್ದೆಗಟ್ಟುವ ಪ್ರೋಟೀನ್ ತುಣುಕು) ಯಾಕೆ, ಇನ್ಸುಲಿನ್ ಸಾಕು. ಆಮ್ಲದ ಬಫರ್‌ನಲ್ಲಿ ಕರಗಿಸಿ 60 ಡಿಗ್ರಿಯಲ್ಲಿಡಿ, 440 ನ್ಯಾನೋಮೀಟರ್ ಬೆಳಕು ಕೊಟ್ಟು 482ರ ಆಸುಪಾಸಿನಲ್ಲಿ ಡೈಯ ಹೊಳಪು ಓದಿ. ಮೊದಮೊದಲು ಹೊಳಪಿನ ಗೆರೆ ಅಲ್ಲಾಡುವುದೇ ಇಲ್ಲ, ಪ್ಲೇಟ್ ರೀಡರ್ ಕೆಟ್ಟಿದೆಯಾ ಅಂತ ಅನುಮಾನ ಬರುವಷ್ಟು! ಆಮೇಲೆ ಸರ್ರನೆ ಮೇಲೇರಿ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಡೈ ಅಣು ಫೈಬ್ರಿಲ್‌ನ (ಪ್ರೋಟೀನ್ ನಾರಿನ) ಸಂದಿಯಲ್ಲಿ ಸಿಕ್ಕಿಕೊಂಡು, ಅದರ ಎರಡು ತುದಿಗಳೂ ತಿರುಗಲಾಗದೆ ಹೋದಾಗಲೇ ಈ ಹೊಳಪು.

ತಕರಾರು ಇರುವುದು ಇದನ್ನು ಬಳಸುವ ರೀತಿಯ ಬಗ್ಗೆ. ಗೆರೆ ಕೆಳಗಿಳಿಯಿತು, ಅಂದರೆ ನಮ್ಮ ಔಷಧಿ ಜೀವಕೋಶ ಉಳಿಸಿತು ಅಂತ ಪೋಸ್ಟರ್ ಹಾಕುವವರು ಜಾಸ್ತಿ. ಫೈಬ್ರಿಲ್ ಆಗುವ ಮುಂಚಿನ ಚಿಕ್ಕ ಆಲಿಗೋಮರ್‌ಗಳು (ಕೆಲವೇ ಪ್ರೋಟೀನ್ ಅಣುಗಳ ಗುಂಪುಗಳು) ಈ ಡೈ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಪೊರೆ ಕೆಡಿಸಿ ಕ್ಯಾಲ್ಸಿಯಂ ಒಳಗೆ ನುಗ್ಗಿಸಿ ನರಕೋಶಕ್ಕೆ ಹೆಚ್ಚು ಹಾನಿ ಮಾಡುವುದು ಅವೇ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇದೆ. ಫೈಬ್ರಿಲ್ ಒಡೆದು ಆಲಿಗೋಮರ್ ಹೆಚ್ಚಾಗಿದ್ದರೆ? ಗೆರೆ ಚೆನ್ನಾಗೇ ಇಳಿದಿರುತ್ತದೆ, ಕೋಶಗಳು ಸಾಯುತ್ತಿರುತ್ತವೆ.

ಇನ್ನು ಅರಿಶಿನ. ನಮ್ಮ ಕಡೆ ಯಾವ ಲ್ಯಾಬ್‌ಗೆ ಹೋದರೂ ಒಬ್ಬರಾದರೂ ಅದರ ಹಳದಿ ವಸ್ತು ಕರ್ಕ್ಯುಮಿನ್ ಹಿಡಿದು ಕೂತಿರುತ್ತಾರೆ, ಅಲ್ವಾ? ಅದು ತಾನೇ ಸುಮಾರು 425 ನ್ಯಾನೋಮೀಟರ್‌ನಲ್ಲಿ, ಅಂದರೆ ಡೈಗೆ ಕೊಡುವ ಬೆಳಕಿನ ಪಕ್ಕದಲ್ಲೇ, ಬೆಳಕು ಹೀರುತ್ತದೆ. ಮುದ್ದೆ ಇದ್ದಷ್ಟೇ ಇದ್ದರೂ ಹೊಳಪು ಕಮ್ಮಿ ಕಾಣುತ್ತದೆ. ಅಂಥ ಕಡೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಒಮ್ಮೆ ನೋಡದೆ ಏನೂ ಹೇಳಬೇಡಿ.

ಕೋಶ ಬದುಕಿದೆಯಾ ಅಂತ ನೋಡಲು ಎಂಟಿಟಿ (ಬದುಕಿರುವ ಕೋಶ ಹಳದಿ ಡೈಯನ್ನು ನೇರಳೆ ಫಾರ್ಮಜಾನ್ ಆಗಿಸುವ ಪರೀಕ್ಷೆ) ಒಂದನ್ನೇ ನಂಬಿದರೂ ಕಷ್ಟ. ಅಮೈಲಾಯ್ಡ್ ಬೀಟಾ ಬಿದ್ದ ಕೋಶಗಳು ನೇರಳೆ ಫಾರ್ಮಜಾನನ್ನು ಬೇಗ ಹೊರಹಾಕುತ್ತವೆ, ಹಾಗಾಗಿ ಸಾಯುವ ಮೊದಲೇ ಅಂಕಿ ಕುಸಿಯುತ್ತದೆ. ಜೊತೆಗೆ ಎಲ್‌ಡಿಎಚ್ (ಕೋಶದೊಳಗಿನ ಒಂದು ಕಿಣ್ವ) ಪರೀಕ್ಷೆ ಮಾಡಿ. ಪೊರೆ ಹರಿದರೆ ಮಾತ್ರ ಆ ಕಿಣ್ವ ಹೊರಗೆ ಬರುವುದು.

ಐದಕ್ಕೆ ನಾಲ್ಕು ಕೊಡುತ್ತೇನೆ. ತಗೊಳ್ಳುವಾಗ ಲೇಬಲ್‌ನಲ್ಲಿ ಡೈ ಅಂಶ ಎಷ್ಟು ಅಂತ ಓದಿ, ಎಷ್ಟೋ ಬಾಟಲಿಗಳಲ್ಲಿ ಪೂರ್ತಿ ಡೈ ಇರುವುದಿಲ್ಲ. ತೂಕದ ಲೆಕ್ಕ ಬಿಟ್ಟು 412 ನ್ಯಾನೋಮೀಟರ್‌ನಲ್ಲಿ ಎಷ್ಟು ಬೆಳಕು ಹೀರುತ್ತದೆ (ಓ.ಡಿ.) ಅಂತ ನೋಡಿ ಸಾಂದ್ರತೆ ಲೆಕ್ಕ ಹಾಕಿ, 0.2 ಮೈಕ್ರಾನ್‌ನಲ್ಲಿ ಸೋಸಿ, ಫಾಯಿಲ್ ಸುತ್ತಿಡಿ.