ಫಿಲ್ಮ್ ಸ್ಕೂಲ್ ಅಂತ ಬೆಂಗ್ಳೂರಿಗೆ ಹೊಂಟೋರು ದುಡ್ಡು ಹಾಕೂಕಿಂತ ಮೊದ್ಲ ಇದನ್ನ ಓದ್ರಿ

ಇದನ್ನ ಬರಿಯಾಕ ನನಗ ವರ್ಷದ ಮ್ಯಾಲ ಹಿಡೀತು, ಯಾಕಂದ್ರ ನಮ್ಮೂರಾಗ ಇನ್ನೂ ಅರ್ಧ ಮಂದಿ ನಾ ಬೆಂಗ್ಳೂರಾಗ ಓದಾಕತ್ತೀನಿ ಅಂತನ ತಿಳ್ಕೊಂಡಾರ. ಆದ್ರ ಹೋದ ವಾರ ನಮ್ಮ ಗಂಗಾವತಿ ಕಾಲೇಜಿನ ಜೂನಿಯರ್ ಹುಡುಗ ಒಬ್ಬ ಫೋನ್ ಮಾಡಿ "ಅಕ್ಕಾ, ನೀ ಸೇರಿದ್ಯಲ್ಲ, ಅದ ಕಾಲೇಜಿಂದ ನನಗೂ ಫೋನ್ ಬಂದೈತಿ, ಮೂವತ್ತು ಪರ್ಸೆಂಟ್ ಸ್ಕಾಲರ್‌ಶಿಪ್ ಅಂತ, ಇವತ್ತ ರಾತ್ರಿ ಹನ್ನೆರಡರ ಒಳಗ ಇಪ್ಪತ್ತೈದು ಸಾವಿರ ಹಾಕಬೇಕಂತ, ಹಾಕ್ಲೇನು" ಅಂದ. ಹಾಕಬ್ಯಾಡೋ ತಮ್ಮಾ ಅಂದೆ. ಅವಂಗ ಒಂದು ತಾಸು ಏನೇನು ಹೇಳಿದ್ನೋ ಅದನ್ನ ಇಲ್ಲಿ ಬರಿಯಾಕತ್ತೀನಿ. ಕಾಲೇಜಿನ ಹೆಸರು ಹಾಕಂಗಿಲ್ಲ, ಕೇಸ್ ನಡದೈತಿ, ವಕೀಲರು ಬ್ಯಾಡ ಅಂದಾರ.

ನಂದು ಕಾರಟಗಿ. ಅಪ್ಪಂದು ನಾಕು ಎಕರೆ ಗದ್ದಿ, ಮ್ಯಾಲ ಒಂದೀಟು ಲೀಜಿಗೆ ಮಾಡ್ತಾನ. ನಾ ಬಿಎದಾಗ ಜರ್ನಲಿಸಂ ತಗೊಂಡಿದ್ದೆ, ಫೈನಲ್ ಇಯರ್‌ನ್ಯಾಗ ನಮ್ಮೂರ ರೈಸ್ ಮಿಲ್ಲಿನ ಹಮಾಲರ ಮ್ಯಾಲ ಫೋನಿನ್ಯಾಗ ಆರು ನಿಮಿಷದ್ದೊಂದು ಡಾಕ್ಯುಮೆಂಟರಿ ಮಾಡಿದ್ದೆ, ತೌಡಿನ ಧೂಳಿನ್ಯಾಗ ಬಿಸಿಲು ಬಿದ್ದಿದ್ದು ಒಂದು ಶಾಟ್ ಚಲೋ ಬಂದಿತ್ತು, ಆ ಒಂದು ಶಾಟ್‌ಲಿಂದ ತಲಿ ಕೆಟ್ಟು ಫಿಲ್ಮ್ ಮೇಕಿಂಗ್‌ನ್ಯಾಗ ಪಿಜಿ ಮಾಡಬೇಕು ಅಂತ ಹಟ ಹಿಡಿದೆ. ಪುಣೆದಾಗ 1960ರಿಂದ ಎಫ್‌ಟಿಐಐ ಅನ್ನೋ ಫಿಲ್ಮ್ ಇನ್‌ಸ್ಟಿಟ್ಯೂಟ್ ಐತಿ, ಕೋಲ್ಕತ್ತಾದಾಗ 1995ರಾಗ ಶುರುವಾದ ಸತ್ಯಜಿತ್ ರೇ ಇನ್‌ಸ್ಟಿಟ್ಯೂಟ್ ಐತಿ, ಇವೆರಡೂ ಕೇಂದ್ರ ಸರ್ಕಾರದವು, ಎಂಟ್ರೆನ್ಸ್ ಬರೀಬೇಕು, ಸೀಟು ಬೆರಳೆಣಿಕೆ ಅಷ್ಟ ಇರ್ತಾವು. ನಮ್ಮ ಗಿರೀಶ್ ಕಾಸರವಳ್ಳಿ ಅವ್ರು ಓದಿದ್ದು ಪುಣೆದಾಗನ. ಬೆಂಗ್ಳೂರಿನ ಹೆಸರಘಟ್ಟದಾಗ ರಾಜ್ಯ ಸರ್ಕಾರದ್ದೂ ಒಂದೈತಿ, ಕ್ಯಾಮೆರಾ ಮತ್ತ ಸೌಂಡ್ ಡಿಪ್ಲೊಮಾ. ಇದೆಲ್ಲಾ ನನಗ ಈಗ ಗೊತ್ತು. ಆವಾಗ ಯಾರೂ ಹೇಳಾವ್ರು ಇರಲಿಲ್ಲ, ನಾನೂ ಕೇಳಲಿಲ್ಲ, ಫೋನಿನ್ಯಾಗ ಮೊದ್ಲ ಬಂದ ಜಾಹೀರಾತು ಒತ್ತಿ ನಂಬರ್ ಕೊಟ್ಟೆ. ಕೊಟ್ಟ ಹತ್ತು ನಿಮಿಷಕ್ಕ ಕೌನ್ಸೆಲರ್ ಮೇಡಂ ಫೋನ್ ಬಂತು. ಅವತ್ತಿಂದ ದಿನಾ ಬಂತು.

2024 ಜುಲೈ ಕಡೀ ವಾರ ಓಪನ್ ಡೇ ಅಂತ ಕರದ್ರು. ನಾನು ಅಪ್ಪ ರಾತ್ರಿ ರೈಲಿಗೆ ಹೋಗಿ ಯಶವಂತಪುರದಾಗ ಇಳದು, ಸ್ಟೇಷನ್ನಿನ್ಯಾಗ ಮುಖ ತೊಳ್ಕೊಂಡು, ಅವ್ವ ಕಟ್ಟಿ ಕೊಟ್ಟ ರೊಟ್ಟಿ ಶೇಂಗಾ ಚಟ್ನಿ ತಿಂದು ಹೋದ್ವಿ. ಟೈಲ್ಸ್ ಶೋರೂಮಿನ ಮ್ಯಾಲ ಎರಡನೇ ಮಹಡಿ. ಒಳಗ ಎಸಿ, ಗೋಡಿ ತುಂಬ ಪೋಸ್ಟರ್, ನಡುವ ಒಂದು ದೊಡ್ಡ ಸಿನಿಮಾ ಕ್ಯಾಮೆರಾ, ಟ್ರ್ಯಾಕ್ ಹಾಕಿ ಟ್ರಾಲಿ ಮ್ಯಾಲ ಇಟ್ಟಿದ್ರು. ಅಪ್ಪಗ ಅದರ ಮುಂದ ನಿಲ್ಲಿಸಿ ಫೋಟೊ ತೆಗದೆ. ಅಪ್ಪ ಕ್ಯಾಮೆರಾ ಮುಟ್ಟಲಿಲ್ಲ, ಕೈ ಹಿಂದ ಕಟ್ಕೊಂಡು ನಿಂತಿದ್ದ. "ಎರಡು ವರ್ಷದ ಎಂಎ ಸಾರ್, ಯುಜಿಸಿ ರೆಕಗ್ನೈಸ್ಡ್ ಯುನಿವರ್ಸಿಟಿ ಡಿಗ್ರಿ, ಪ್ಲೇಸ್‌ಮೆಂಟ್ ನಮ್ಮ ಜವಾಬ್ದಾರಿ" ಅಂದ್ರು. ಯುಜಿಸಿ ಅಂದ್ರ ದೇಶದ ಯುನಿವರ್ಸಿಟಿಗಳನ್ನ ನೋಡ್ಕೊಳ್ಳೋ ಕೇಂದ್ರದ ಆಯೋಗ. ಎರಡೂ ವರ್ಷದ ಫೀಜು ಸೇರಿ 6 ಲಕ್ಷ 40 ಸಾವಿರ. ಅಲ್ಲೇ ಇಪ್ಪತ್ತೈದು ಸಾವಿರ ಬುಕಿಂಗ್ ಕಟ್ಟಿಸ್ಕೊಂಡ್ರು. ರಸೀದಿ ಕೊಟ್ರು, ರಸೀದಿ ಮ್ಯಾಲ ಕಾಲೇಜಿನ ಹೆಸರಿಲ್ಲ, ಯಾವುದೋ ಪ್ರೈವೇಟ್ ಲಿಮಿಟೆಡ್ ಕಂಪನಿ ಹೆಸರು, ಕೆಳಗ ಸಣ್ಣ ಅಕ್ಷರದಾಗ ನಾನ್ ರಿಫಂಡೆಬಲ್. ನೋಡಿದೆ. ನೋಡಿ ಮಡಚಿ ಬ್ಯಾಗಿನ್ಯಾಗ ಇಟ್ಟೆ.

ಈಗ ಬ್ಯಾಂಕಿನ ವಿಷಯ ಹೇಳ್ತೀನಿ, ಇದು ಮುಖ್ಯ. ಊರಿಗೆ ಬಂದು ಎಜುಕೇಷನ್ ಲೋನ್ ಕೇಳಾಕ ಹೋದ್ವಿ. ಮ್ಯಾನೇಜರ್ ಆಂಧ್ರದ ಕಡೆಯವ್ರು, ತೆಲುಗು ಬೆರೆಸಿದ ಕನ್ನಡ, ಬ್ರೋಷರ್ ಹಿಂದ ಮುಂದ ತಿರುವಿ ನೋಡಿ "ಇದು ಎಲ್ಲಾ ಕರೆಕ್ಟೇ ಅಮ್ಮಾ, ಡಿಗ್ರಿ ಕೊಡೋದು ಯಾವ ಯುನಿವರ್ಸಿಟಿ? ಅವರ ಲೆಟರ್ ಹೆಡ್‌ನಲ್ಲಿ ಅಫಿಲಿಯೇಷನ್ ಲೆಟರ್ ತಗೊಂಡು ಬಾ, ನಾಳೆನೇ ಫೈಲ್ ಮಾಡ್ತೀನಿ" ಅಂದ್ರು. ನಾ ಕೌನ್ಸೆಲರ್‌ಗೆ ಕೇಳಿದೆ. ಆಕಿ ನಕ್ಕು "ಸಣ್ಣ ಊರಿನ ಬ್ರಾಂಚ್‌ನೋರಿಗೆ ಫಿಲ್ಮ್ ಕೋರ್ಸ್ ಬಗ್ಗೆ ಏನೂ ಗೊತ್ತಿರಲ್ಲ ಡಿಯರ್, ನಮ್ಮದೇ ಫೈನಾನ್ಸ್ ಪಾರ್ಟ್‌ನರ್ ಇದಾರೆ" ಅಂದ್ಲು. ನನಗ ಅದು ಖರೆ ಅನ್ನಿಸ್ತು ನೋಡ್ರಿ! ನಮ್ಮೂರ ಮ್ಯಾನೇಜರ್‌ಗ ಏನ್ ಗೊತ್ತು, ಬೆಂಗ್ಳೂರಾಕಿಗೆ ಎಲ್ಲಾ ಗೊತ್ತು. ನನ್ನ ನಾ ಎಷ್ಟು ಸಲ ಬೈಕೊಂಡೀನೋ ಈ ಮಾತಿಗೆ.

ಅಷ್ಟರಾಗ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಕೊಂಡು ಹೋತು. ನಮ್ಮ ಕಡೀ ಮಂದಿಗೆ ಆ ವಾರ ಹೆಂಗಿತ್ತು ಅಂತ ಹೇಳಬೇಕಿಲ್ಲ. ಆಗಷ್ಟ ನಾಟಿ ಆಗಿತ್ತು, ಎಲ್ಲಾರ ಮನ್ಯಾಗೂ ಟಿವಿ, ಎಷ್ಟು ಟಿಎಂಸಿ ಹೋತು ಎಷ್ಟು ಉಳೀತು ಅನ್ನೋದ ಮಾತು. ಅದ ವಾರ ಕೌನ್ಸೆಲರ್ "ವೇಟಿಂಗ್ ಲಿಸ್ಟ್‌ನಲ್ಲಿ ಹನ್ನೊಂದು ಜನ ಇದಾರೆ, ನಾಳೆ ಫಸ್ಟ್ ಇನ್‌ಸ್ಟಾಲ್‌ಮೆಂಟ್ ಬರಲಿಲ್ಲಾಂದ್ರೆ ಸೀಟ್ ಕೊಟ್ಬಿಡ್ತೀವಿ" ಅಂತ ಅಪ್ಪನ ಫೋನಿಗೇ ಮಾಡಿದ್ಲು. ಅಪ್ಪ ಟಿವಿ ಮುಂದ ಕುಂತಾವ ಎದ್ದು ದಲಾಲಿ ಅಂಗಡಿ ಸಾವಕಾರ್ರ ಹತ್ರ ಹೋಗಿ, ಬೆಳೀ ಕೈಗೆ ಬರ್ತೈತೋ ಇಲ್ಲೋ ಅಂತ ಗೊತ್ತಿಲ್ಲದ ಹೊತ್ತಿನ್ಯಾಗ, ಬರೋ ಭತ್ತದ ಮ್ಯಾಲ ಎರಡು ರೂಪಾಯಿ ಬಡ್ಡಿಗೆ 1 ಲಕ್ಷ 75 ಸಾವಿರ ತಂದ. ನೂರಕ್ಕ ತಿಂಗಳಿಗೆ ಎರಡು. ಇದರ ಮ್ಯಾಲ ನಾ ಹೆಚ್ಚಿಗೆ ಬರಿಯಂಗಿಲ್ಲ.

ಸೆಪ್ಟೆಂಬರ್‌ನ್ಯಾಗ ಹೋದೆ. ಮೊದಲನೇ ದಿನ ವೆರಿಫಿಕೇಷನ್ ಅಂತ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಸ್ಕೊಂಡ್ರು, ತಿರುಗಿ ಕೊಡಲಿಲ್ಲ. ಉಳಕೊಳ್ಳಾಕ ಪೇಯಿಂಗ್ ಗೆಸ್ಟ್ ಪಿಜಿನೂ ಅವರು ಹೇಳಿದ್ದರಾಗ ಇರಬೇಕು ಅಂದ್ರು, 20 ಸಾವಿರ ಡೆಪಾಸಿಟ್, ಮೂರು ಮಂದಿಗೊಂದು ರೂಮು, ಮುಂಜಾನೆ ನೀರಿನಂಥ ಸಾಂಬಾರು. ಅದಿರಲಿ, ಪಿಜಿ ಕಥಿ ಎಲ್ಲಾರದೂ ಒಂದ.

ಕ್ಲಾಸಿಗೆ ಹೋದ್ರ ಆ ದೊಡ್ಡ ಕ್ಯಾಮೆರಾ ಇಲ್ಲ. ಟ್ರ್ಯಾಕ್ ಇಲ್ಲ, ಟ್ರಾಲಿ ಇಲ್ಲ. ಕೇಳಿದ್ರ ಸರ್ವೀಸಿಗೆ ಹೋಗೈತಿ ಅಂದ್ರು. ಮೂವತ್ನಾಲ್ಕು ಮಂದಿಗೆ ಹಳೇದೊಂದು ಡಿಎಸ್‌ಎಲ್‌ಆರ್, ಲೆನ್ಸಿನ ಒಳಗ ಜೇಡರ ಬಲಿ ಹಂಗ ಫಂಗಸ್, ಟ್ರೈಪಾಡ್ ಪ್ಲೇಟ್ ಕಳದಿತ್ತು, ಕ್ಯಾಮೆರಾನ ಸ್ಟ್ಯಾಂಡಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ರು. ಸ್ಟುಡಿಯೋ ಅಂದ್ರ ಗೋಡಿಗೆ ಮೊಳಿ ಹೊಡದ ಹಸಿರು ಬಟ್ಟಿ, ಯಾವ ಕಡೆಯಿಂದ ಫ್ರೇಮ್ ಇಟ್ರೂ ಫ್ಯಾನಿನ ರೆಕ್ಕಿ ಬರ್ತಿತ್ತು. ವಾರಕ್ಕ ಒಂದು ಸಲ ಕ್ಯಾಮೆರಾ ಕೈಗೆ ಬಂದ್ರ ಏಳು ನಿಮಿಷ, ನಾ ಲೆಕ್ಕ ಹಾಕೀನಿ. ಉಳದ ಹೊತ್ತು ಪ್ರೊಜೆಕ್ಟರ್ ಮ್ಯಾಲ ಯೂಟ್ಯೂಬ್. ಅದನ್ನ ನಾ ಕಾರಟಗಿದಾಗ ನಮ್ಮ ಮಾಳಗಿ ಮ್ಯಾಲ ಕುಂತು ನೋಡತಿದ್ನಲ್ಲ.

ಒಂದು ಸಂಜಿ ಪಿಜಿದಾಗ ಅಪ್ಪನ ಆ ಫೋಟೊ ತಗದು ದೊಡ್ಡದು ಮಾಡಿ ನೋಡಾಕತ್ತಿದ್ದೆ, ಮನೀ ನೆನಪಾಗಿತ್ತು. ಅಪ್ಪನ ಮೊಣಕೈ ಹಿಂದ ಕ್ಯಾಮೆರಾದ ಪೆಟ್ಟಿಗಿ ಕಾಣ್ತಿತ್ತು. ಪೆಟ್ಟಿಗಿ ಮ್ಯಾಲ ಹಳದಿ ಸ್ಟಿಕ್ಕರ್, ಒಂದು ಬಾಡಿಗಿ ಅಂಗಡಿ ಫೋನ್ ನಂಬರ್, ಕೆಳಗ ಪೆನ್ನಿನಿಂದ ಓಪನ್ ಡೇ ತಾರೀಕು, ಒಂದು ದಿನ ಅಂತ. ಒಂದು ದಿನದ ಬಾಡಿಗಿ ಕ್ಯಾಮೆರಾ. ನನ್ನ ಫೋಟೊದಾಗ ಮೊದಲಿಂದ ಇತ್ತು ಅದು, ಸಿನಿಮಾ ಮಾಡ್ತೀನಿ ಅಂತ ಹೊಂಟಾಕಿಗೆ ತನ್ನ ಫ್ರೇಮಿನ್ಯಾಗ ಏನೈತಿ ಅಂತನ ಕಂಡಿರಲಿಲ್ಲ.

ಒಬ್ಬರು ಮೇಷ್ಟ್ರು ಮಾತ್ರ ಖರೇನ ಮೇಷ್ಟ್ರು. ಸೌಂಡ್ ಕಲಿಸಾಕ ಮೂರು ಶನಿವಾರ ಬಂದಿದ್ರು. ಬಸ್ ಸ್ಟಾಪಿಗೆ ಕರ್ಕೊಂಡು ಹೋಗಿ ಹತ್ತು ನಿಮಿಷ ಕಣ್ಣು ಮುಚ್ಚಿಸಿ, ಕೇಳಿದ ಸಪ್ಪಳ ಎಲ್ಲಾ ಬರೀರಿ ಅಂದ್ರು, ನಾ ಹದಿನಾಲ್ಕು ಬರದೆ, ಅವರು ನಲವತ್ತು ಹೇಳಿದ್ರು. ನಾಕನೇ ಶನಿವಾರ ಬರಲಿಲ್ಲ, ಪಗಾರ ಕೊಟ್ಟಿರಲಿಲ್ಲಂತ. ಹೋಗೂ ಮುಂದ ನನಗ ಮೆಲ್ಲಕ "ಡಿಗ್ರಿ ವಿಚಾರ ಇವರನ್ನ ಕೇಳಬೇಡಮ್ಮ, ಯುನಿವರ್ಸಿಟಿಗೇ ಮೇಲ್ ಹಾಕು" ಅಂದಿದ್ರು.

ನವೆಂಬರ್‌ನ್ಯಾಗ ಸ್ಕಾಲರ್‌ಶಿಪ್ಪಿಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ತೆರದ್ರ ಲಿಸ್ಟಿನ್ಯಾಗ ನಮ್ಮ ಕಾಲೇಜಿಲ್ಲ. ಆಫೀಸಿನ್ಯಾಗ "ಅಪ್‌ಡೇಟ್ ಆಗುತ್ತೆ" ಅಂದ್ರು. ಆಗಲಿಲ್ಲ. ಆಮ್ಯಾಲ, ಡಿಗ್ರಿ ಕೊಡ್ತೈತಿ ಅಂತ ಅವರು ಹೇಳಿದ್ದ ಯುನಿವರ್ಸಿಟಿಗೆ ಮೇಲ್ ಹಾಕಿದೆ. ಯುನಿವರ್ಸಿಟಿ ಇರೋದು ಬ್ಯಾರೆ ರಾಜ್ಯದಾಗ, ಪ್ರೈವೇಟ್ ಯುನಿವರ್ಸಿಟಿ, ಅದು ಖರೇನ ಐತಿ, ಯುಜಿಸಿ ಲಿಸ್ಟಿನ್ಯಾಗೂ ಐತಿ, ಅದಕ್ಕ ನಾ ಮೋಸ ಹೋಗಿದ್ದು. ಒಂಬತ್ತು ದಿನಕ್ಕ ಉತ್ತರ ಬಂತು, ಎರಡ ಸಾಲು: ಬೆಂಗ್ಳೂರಿನ್ಯಾಗ ನಮ್ಮದು ಯಾವ ಸೆಂಟರೂ ಇಲ್ಲ, ಈ ಸಂಸ್ಥೆಗೂ ನಮಗೂ ಸಂಬಂಧ ಇಲ್ಲ.

ಆಮ್ಯಾಲ ಓದಿ ತಿಳ್ಕೊಂಡಿದ್ದು ಹೇಳ್ತೀನಿ. ಡಿಗ್ರಿ ಕೊಡೋ ಹಕ್ಕು ಯಾರಿಗೈತಿ ಅಂತ 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಹೇಳ್ತೈತಿ, ಕಾನೂನಿನ ಪ್ರಕಾರ ಆದ ಯುನಿವರ್ಸಿಟಿ, ಡೀಮ್ಡ್ ಯುನಿವರ್ಸಿಟಿ, ಇಲ್ಲಾ ಪಾರ್ಲಿಮೆಂಟ್ ಹಂಗ ಅಧಿಕಾರ ಕೊಟ್ಟ ಸಂಸ್ಥೆ, ಇವಿಷ್ಟ. ಟೈಲ್ಸ್ ಅಂಗಡಿ ಮ್ಯಾಲಿನ ಕಂಪನಿ ಎಂಎ ಕೊಡಾಕ ಬರಂಗಿಲ್ಲ. ಇನ್ನ ಒಂದು ರಾಜ್ಯದ ಪ್ರೈವೇಟ್ ಯುನಿವರ್ಸಿಟಿ ಇನ್ನೊಂದು ರಾಜ್ಯದಾಗ ಫ್ರಾಂಚೈಸಿ ಹಂಗ ಸೆಂಟರ್ ಹಾಕಿ ಡಿಗ್ರಿ ಕ್ಲಾಸ್ ನಡಸಂಗಿಲ್ಲ. ಅಂದ್ರ ಸಂಬಂಧ ಐತಿ ಅಂತ ಆ ಯುನಿವರ್ಸಿಟಿ ಹೇಳಿದ್ರೂ ನನ್ನ ಕೆಲಸ ಕೆಟ್ಟಂಗನ ಇತ್ತು. ಸರ್ಟಿಫಿಕೇಟ್ ಕೋರ್ಸ್ ಅಂತ ಹೇಳಿ ಕಲಿಸೋ ಚಲೋ ಪ್ರೈವೇಟ್ ಜಾಗಾನೂ ಇರ್ತಾವು, ಅದು ತಪ್ಪಲ್ಲ. ಎಂಎ ಅಂತ ಹೇಳಿ ದುಡ್ಡು ಇಸ್ಕೊಳ್ಳೋದು ಮೋಸ.

ಫೀಜು ವಾಪಸ್ ಕೇಳಿದಾಗ ಇನ್ನೊಂದು ನಾಟಕ. 2018ರ ಯುಜಿಸಿ ನೋಟಿಫಿಕೇಷನ್ ಪ್ರಿಂಟ್ ಹಾಕಿಸ್ಕೊಂಡು ಹೋಗಿದ್ದೆ. ಸರ್ಟಿಫಿಕೇಟ್ ನೋಡಿ ಅಲ್ಲೇ ತಿರುಗಿ ಕೊಡಬೇಕು, ಒರಿಜಿನಲ್ ಇಟ್ಕೊಳ್ಳಂಗಿಲ್ಲ ಅಂತ ಅದರಾಗ ಐತಿ. ಅಡ್ಮಿಷನ್ ಕಡೀ ತಾರೀಕಿಗಿಂತ 15 ದಿನ ಮೊದ್ಲ ಬಿಟ್ರ ಪೂರಾ ಫೀಜು, ತಡ ಆದಂಗ ಕಡಿಮಿ ಆಗ್ತಾ ಹೋಗಿ 30 ದಿನ ದಾಟಿದ್ರ ಏನೂ ಬರಂಗಿಲ್ಲ. ನಂದು ದಾಟಿತ್ತು ಬಿಡ್ರಿ. ಆದ್ರ ಅವರ ಮೇಲ್ ಏನ್ ಬಂತು ಗೊತ್ತೇನು? "ನಮ್ಮದು ಯುಜಿಸಿ ವ್ಯಾಪ್ತಿಗೆ ಬರೋ ಸಂಸ್ಥೆ ಅಲ್ಲ, ಆ ನಿಯಮ ನಮಗೆ ಅನ್ವಯಿಸಲ್ಲ." ಆರು ತಿಂಗಳು ಬಾಯಿ ಬಿಟ್ಟು ಹೇಳದ್ದನ್ನ ದುಡ್ಡು ಕೊಡೋ ಮಾತು ಬಂದಾಗ ಬರದು ಕೊಟ್ರು. ವಕೀಲರು ಆ ಮೇಲ್ ನೋಡಿ ಕುರ್ಚಿ ಮುಂದಕ ಎಳಕೊಂಡ್ರು.

ಗಂಗಾವತಿ ವಕೀಲರ ನೋಟಿಸ್ ಹೋದ ಹತ್ತು ದಿನಕ್ಕ ಒರಿಜಿನಲ್ ಕೊರಿಯರ್‌ನ್ಯಾಗ ಬಂದ್ವು, ಪಿಯುಸಿ ಕಾರ್ಡಿನ ಮೂಲಿ ಮಡಚಿತ್ತು. 40 ಸಾವಿರ ಖಾತೆಗೆ ಹಾಕಿ ಸೆಟಲ್ಮೆಂಟ್ ಅಂತ ಸಹಿ ಕೇಳಿದ್ರು, ಹಾಕಲಿಲ್ಲ. ಉಳದಿದ್ದು 1 ಲಕ್ಷ 60 ಸಾವಿರ, ಪಿಜಿ ಡೆಪಾಸಿಟ್ ಬ್ಯಾರೆ. ನಿಮಗ್ಯಾರಿಗರ ಹಿಂಗ ಆಗಿದ್ರ ಬೆಂಗ್ಳೂರಿಗೆ ಓಡಾಡೋ ಖರ್ಚಿಗೆ ಅಂಜಿ ಬಿಡಬ್ಯಾಡ್ರಿ, 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವು ಇರೋ ಜಿಲ್ಲಾದಾಗನ ಕೇಸ್ ಹಾಕಬಹುದು, ನಾ ಕೊಪ್ಪಳದಾಗ ಹಾಕೀನಿ, ಐದು ಲಕ್ಷದ ತನಕ ಫೀಜಿಲ್ಲ, ಆದ್ರ ಎರಡು ವರ್ಷದ ಒಳಗ ಹಾಕಬೇಕು. ಮೊದ್ಲ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತಗೊಂಡಿದ್ದೆ. ಗೆಲ್ತೀನೋ ಇಲ್ಲೋ ಗೊತ್ತಿಲ್ಲ, ಶಿಕ್ಷಣ ಅನ್ನೋದು ಗ್ರಾಹಕ ಕಾಯ್ದೆ ಹೇಳೋ ಸೇವೆ ಅಲ್ಲ ಅಂತ ಅವರ ವಕೀಲರ ವಾದ, ಡಿಗ್ರಿ ಕೊಡೋ ಹಕ್ಕ ಇಲ್ಲದಾವ್ರದು ಎಂಥ ಶಿಕ್ಷಣ ಸಂಸ್ಥೆ ಅಂತ ನಮ್ಮ ವಕೀಲರ ವಾದ.

ಆ ಹುಡುಗಗ ಕಡೀಗೆ ಹೇಳಿದ್ದು ಇಷ್ಟ: ಫೋನ್ ಮಾಡಿದಾಕಿಗೆ ಡಿಗ್ರಿ ಕೊಡೋ ಯುನಿವರ್ಸಿಟಿ ಹೆಸರು ಮೇಲ್‌ನ್ಯಾಗ ಬರದು ಕಳಸು ಅನ್ನು, ಬಂದ್ರ ಆ ಯುನಿವರ್ಸಿಟಿಗೆ ನೀನ ಮೇಲ್ ಹಾಕು, ಅವರ ಉತ್ತರ ಬರೋ ತನಕ ಒಂದು ರೂಪಾಯಿ ಬಿಚ್ಚಬ್ಯಾಡ. ಓಪನ್ ಡೇ ದಿನ ಹೋಗಬ್ಯಾಡ, ಸುಮ್ನ ಒಂದು ಮಂಗಳವಾರ ಹೇಳ್ದ ಕೇಳ್ದ ಹೋಗಿ ಕೆಳಗ ಚಾ ಅಂಗಡ್ಯಾಗ ಓದೋ ಹುಡುಗರನ್ನ ಮಾತಾಡಸು. ಮತ್ತ ಬ್ಯಾಂಕಿನ್ಯಾಗ ಕೇಳು. ಲೋನ್ ಬ್ಯಾಡಾದ್ರೂ ಕೇಳು.

ರಾತ್ರಿ ಹತ್ತಕ್ಕ ಅವಂದು ಮೆಸೇಜ್ ಬಂತು. ಯುನಿವರ್ಸಿಟಿ ಹೆಸರು ಬರದು ಕಳಸ್ರಿ ಅಂದದ್ದಕ್ಕ ಆ ಮೇಡಂ ಅವನ ನಂಬರ್ ಬ್ಲಾಕ್ ಮಾಡ್ಯಾಳಂತ.