ನಲಿ-ಕಲಿ ಕೋಣೆಯಲ್ಲಿ ನಾಲ್ಕು ಟ್ಯಾಬ್

ಸರ್ಕಾರಿ ಶಾಲೆಗೆ ಟ್ಯಾಬ್ ಕೊಡಿಸಬೇಕು ಅಂದುಕೊಂಡಿರುವ ಹಳೆ ವಿದ್ಯಾರ್ಥಿಗಳಿಗೆ, ಶಾಲೆಯ ಮೇಲುಸ್ತುವಾರಿ ಸಮಿತಿಯವರಿಗೆ (ಎಸ್‌ಡಿಎಂಸಿ) ಮೊದಲೇ ಹೇಳಿಬಿಡುತ್ತೇನೆ. ಮಗುವಿಗೊಂದು ಕೊಡಿಸಬೇಡಿ. ನಾಲ್ಕೈದು ಮಕ್ಕಳಿಗೆ ಒಂದು ಸಾಕು. ದುಡ್ಡು ಉಳಿಯಲಿ ಅಂತ ಹೇಳುತ್ತಿಲ್ಲ. ಕೈಗೊಂದು ಸಿಕ್ಕರೆ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಹಂಚಿಕೊಂಡರೆ ಜಗಳ ಶುರುವಾಗುತ್ತದೆ, ಆ ಜಗಳದಲ್ಲೇ ಅವರು ಯೋಚನೆ ಮಾಡುತ್ತಾರೆ.

ನಾನು ಗುಳೇದಗುಡ್ಡದ ಹತ್ತಿರದ ಒಂದು ಹಳ್ಳಿಯಲ್ಲಿ ನಲಿ-ಕಲಿ ಟೀಚರ್. ಆಟ, ಹಾಡು, ಕಾರ್ಡುಗಳ ಮೂಲಕ ಮಕ್ಕಳು ತಮ್ಮ ವೇಗದಲ್ಲೇ ಕಲಿಯುವ ಪದ್ಧತಿ ಇದು. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಈ ಪದ್ಧತಿ ಶುರುವಾದಾಗ ಟ್ಯಾಬ್ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ. ಆದರೂ ಗುಂಪಿಗೊಂದು ಟ್ಯಾಬ್ ಅನ್ನುವುದು ಇಲ್ಲಿ ಚೆನ್ನಾಗಿ ಹೊಂದಿಕೊಂಡಿತು. ಕಲಿಕಾ ಕಾರ್ಡಿನ ಜೊತೆಗೆ ಇನ್ನೊಂದು ಸಾಮಾನು, ಅಷ್ಟೇ.

ನಮ್ಮವು ಹತ್ತು ಇಂಚಿನವು. ಊರಿನ ಹಳೆ ಹುಡುಗರು ದುಡ್ಡು ಸೇರಿಸಿ ಬಾಗಲಕೋಟೆಯ ನವನಗರದ ಅಂಗಡಿಯಿಂದ ತಂದುಕೊಟ್ಟರು. ಕಂಪನಿ ಹೆಸರು ಬೇಡ, ಈ ದರದಲ್ಲಿ ಎಲ್ಲವೂ ಹೆಚ್ಚುಕಮ್ಮಿ ಒಂದೇ. ಎಂಟು ಇಂಚಿನದು ಮಾತ್ರ ತಗೋಬೇಡಿ. ನಾಲ್ಕು ತಲೆ ಒಟ್ಟಿಗೆ ಬಗ್ಗಿದರೆ ಯಾರಿಗೂ ಏನೂ ಕಾಣುವುದಿಲ್ಲ.

ಟ್ಯಾಬಿನ ಜೊತೆಗೇ ಒಂದು ಪಾಠದ ಪ್ಯಾಕ್ ತುಂಬಿ ಕೊಟ್ಟಿದ್ದರು. ಗೊಂಬೆ ಹಾಡುತ್ತದೆ, ಪ್ರಶ್ನೆ ಕೇಳುತ್ತದೆ, ನಾಲ್ಕು ಉತ್ತರ ತೋರಿಸುತ್ತದೆ. ಸರಿ ಒತ್ತಿದರೆ ನಕ್ಷತ್ರ. ನಮ್ಮ ಮಕ್ಕಳು ಜಾಣರು, ನಕ್ಷತ್ರ ಬರುವವರೆಗೆ ನಾಲ್ಕನ್ನೂ ಸಾಲಾಗಿ ಒತ್ತುತ್ತಾ ಹೋದರು. ಅದನ್ನು ತೆಗೆದುಹಾಕಿದೆ. ಇದಕ್ಕಿಂತ ಜಾಸ್ತಿ ಅದರ ಬಗ್ಗೆ ಬರೆಯುವಂಥದ್ದು ಇಲ್ಲ.

ಉಳಿದದ್ದು ಎರಡು ಆ್ಯಪ್.

ಮೊದಲನೆಯದು ಸ್ಕ್ರ್ಯಾಚ್ ಜೂನಿಯರ್. ಟಫ್ಟ್ಸ್ ವಿಶ್ವವಿದ್ಯಾಲಯ ಮತ್ತು ಎಂಐಟಿ ಮೀಡಿಯಾ ಲ್ಯಾಬ್‌ನವರು ಸೇರಿ ಐದರಿಂದ ಏಳು ವರ್ಷದ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ ಮಾಡಿದ್ದು. 2014ರಲ್ಲಿ ಐಪ್ಯಾಡ್‌ಗೆ ಬಂತು, ಆಮೇಲೆ ಆಂಡ್ರಾಯ್ಡ್‌ಗೆ. ಉಚಿತ. ಒಮ್ಮೆ ಹಾಕಿಕೊಂಡರೆ ನೆಟ್ ಬೇಕಿಲ್ಲ. ಒಂದೊಂದು ಆದೇಶಕ್ಕೂ ಒಂದೊಂದು ಚಿತ್ರದ ತುಂಡು, ಓದುವ ಕೆಲಸ ಬಹಳ ಕಡಿಮೆ. ನೀಲಿ ತುಂಡು ಜೋಡಿಸಿದರೆ ಪರದೆ ಮೇಲಿನ ಬೆಕ್ಕು ನಡೆಯುತ್ತದೆ. ಹಸಿರು ಬಾವುಟ ಒತ್ತಿದರೆ ಶುರು. ಕಾಗುಣಿತ ಇನ್ನೂ ಗಟ್ಟಿಯಾಗದ ಮಗುವೂ ಇಲ್ಲಿ ಹಿಂದೆ ಬೀಳುವುದಿಲ್ಲ.

ನಮ್ಮಲ್ಲಿ ಹಲವು ಮಕ್ಕಳ ಮನೆಯಲ್ಲಿ ಖಣ ನೇಯುವ ಮಗ್ಗ ಇದೆ. ಎರಡನೇ ತರಗತಿಯ ಹುಡುಗಿಯೊಬ್ಬಳು ಬೆಕ್ಕನ್ನು ಅಳಿಸಿ, ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಬಿಡಿಸಿದಳು. ಬಲಕ್ಕೆ ಆರು ಹೆಜ್ಜೆ, ಎಡಕ್ಕೆ ಆರು ಹೆಜ್ಜೆ, ಕೊನೆಗೆ ‘ಸದಾ ನಡೆಯಲಿ’ ಅನ್ನುವ ಕೆಂಪು ತುಂಡು. ಲಾಳಿ ಓಡಾಡಿದ್ದೇ ಓಡಾಡಿದ್ದು. ಪಕ್ಕದ ಹುಡುಗ ಕೇಳಿದ, “ನಿಮ್ಮಪ್ಪ ಚಾ ಕುಡಿಯಾಕ ಹೋದ್ರ ನಿಂದ್ರಬೇಕಲ್ಲಲೇ?” ಹೌದಲ್ವಾ! ಕೆಂಪು ತುಂಡು ಹೋಗಿ ಕಿತ್ತಳೆ ಬಣ್ಣದ್ದು ಬಂತು. ಅದರಲ್ಲಿ ಎಷ್ಟು ಸಲ ಅಂತ ಅಂಕಿ ಹಾಕಬಹುದು. ಟ್ಯಾಬ್ ಮನೆಗೆ ಕಳಿಸುವುದಿಲ್ಲ, ಹಾಗಾಗಿ ಮಗ್ಗದ ಸದ್ದನ್ನು ಅವಳೇ ಬಾಯಲ್ಲಿ ಖಟ್ ಖಟ್ ಮಾಡಿ ರೆಕಾರ್ಡ್ ಮಾಡಿದಳು.

ಒಂದು ಕಥೆಗೆ ನಾಲ್ಕೇ ಪುಟ ಸಿಗುತ್ತದೆ. ಚಿಕ್ಕವರಿಗೆ ಧಾರಾಳ. ಮೂರನೇ ತರಗತಿಯ ಚುರುಕು ಮಕ್ಕಳಿಗೆ ಬೇಗ ಸಾಲದಾಗುತ್ತದೆ. ಅವರಿಗೆ ಎಂಟು ವರ್ಷದ ಮೇಲಿನವರ ದೊಡ್ಡ ಸ್ಕ್ರ್ಯಾಚ್ ಇದೆ, ಆದರೆ ಅದರಲ್ಲಿ ಓದುವುದು ಜಾಸ್ತಿ.

ನನಗೆ ಮನಸ್ಸಿಗೆ ಹಿಡಿಸಿದ್ದು ಎರಡನೆಯದು, ಸ್ಟಾಪ್ ಮೋಷನ್ ಸ್ಟುಡಿಯೋ. ಒಂದು ವಸ್ತುವನ್ನು ಸ್ವಲ್ಪ ಸರಿಸಿ ಫೋಟೋ, ಮತ್ತೆ ಸರಿಸಿ ಫೋಟೋ. ಎಲ್ಲವನ್ನೂ ಬೇಗ ಬೇಗ ಓಡಿಸಿದರೆ ಅದು ಚಲಿಸಿದಂತೆ ಕಾಣುತ್ತದೆ. ಹಿಂದಿನ ಫೋಟೋ ತೆಳ್ಳಗೆ ಪರದೆ ಮೇಲೆ ಉಳಿಯುತ್ತದೆ, ಎಷ್ಟು ಸರಿಸಬೇಕು ಅಂತ ಮಕ್ಕಳಿಗೆ ಗೊತ್ತಾಗುತ್ತದೆ. ಕೆಲವು ಸೌಲಭ್ಯಕ್ಕೆ ದುಡ್ಡು ಕಟ್ಟಬೇಕು, ನಮಗೆ ಉಚಿತದ್ದೇ ಸಾಕಾಯಿತು.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಇತ್ತು. ಎರೆಮಣ್ಣು ತಂದು ಎತ್ತು, ಅದರ ಮೇವಿನ ತೊಟ್ಟಿ ಗ್ವಾದಲಿ ಮಾಡುವುದು ಇಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಎತ್ತನ್ನು ನಡೆಸೋಣ ಅಂದೆ. ಕೆಲಸ ಅವರೇ ಹಂಚಿಕೊಂಡರು. ಒಬ್ಬ ಎತ್ತು ಸರಿಸುವವ. ಒಬ್ಬಳು ಬಟನ್ ಒತ್ತುವವಳು, ಅವಳ ಕೈಗೆ ಮಾತ್ರ ಮಣ್ಣು ತಾಗಬಾರದು. ಒಬ್ಬ ಎಣಿಸುವವ. ಇನ್ನೊಬ್ಬನ ಕೆಲಸ “ಕೈ ತಗೀಲೇ” ಅಂತ ಕೂಗುವುದು. ಸೆಕೆಂಡಿಗೆ ಐದು ಫೋಟೋ ಅಂದರೆ ಹನ್ನೆರಡು ಸೆಕೆಂಡಿಗೆ ಎಷ್ಟು? ಹುಣಸೆ ಬೀಜ ಐದೈದು ಇಟ್ಟು ಅರವತ್ತು ಅಂತ ಕಂಡುಕೊಂಡರು.

ಓಡಿಸಿ ನೋಡಿದರೆ ಎಲ್ಲರ ಮುಖ ಸಪ್ಪಗಾಯಿತು. “ಅಕ್ಕೋರ, ಇದು ಜಾರಾಕತ್ತೈತ್ರಿ, ನಡ್ಯಾಂಗಿಲ್ರಿ.” ನಿಜ, ಮಣ್ಣಿನ ಕಾಲು ಅಲ್ಲಾಡುವುದಿಲ್ಲ. ಜೋಳದ ದಂಟು ಚುಚ್ಚಿ ಬೇರೆ ಕಾಲು ಮಾಡಿದರು. ಆಮೇಲೆ ಪ್ರಶ್ನೆ, ಎತ್ತು ಮೊದಲು ಯಾವ ಕಾಲು ಎತ್ತಿಡುತ್ತದೆ? ದಿನಾ ಎತ್ತು ನೋಡುವ ಮಕ್ಕಳು, ಒಬ್ಬರಿಗೂ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಟ್ಯಾಬ್ ಕೆಳಗಿಟ್ಟು ರಸ್ತೆಗೆ ಓಡಿದರು, ಹೊಲದಿಂದ ಬರುತ್ತಿದ್ದ ಎತ್ತುಗಳ ಹಿಂದೆ ಬಗ್ಗಿ ಬಗ್ಗಿ ನಡೆದರು. ಈ ಟ್ಯಾಬಿಗೆ ನಾನು ಅಂಕ ಕೊಡುವುದಾದರೆ ಇದಕ್ಕೇ ಕೊಡುತ್ತೇನೆ. ನೋಡಿಸುವ ಆ್ಯಪ್ ಮಕ್ಕಳನ್ನು ಪರದೆ ಮುಂದೆ ಕೂರಿಸುತ್ತದೆ. ಮಾಡಿಸುವ ಆ್ಯಪ್ ಅವರನ್ನು ಎಬ್ಬಿಸಿ ಹೊರಗೆ ಕಳಿಸುತ್ತದೆ.

ಇನ್ನೊಂದು ತಮಾಷೆ. ಚಿತ್ರದಲ್ಲಿ ಎತ್ತಿನ ನೆರಳು ತಾನೇ ತಿರುಗುತ್ತಾ ಹೋಗಿತ್ತು. ಇಡೀ ಮಧ್ಯಾಹ್ನ ಕಿಟಕಿ ಪಕ್ಕ ಕೂತು ತೆಗೆದದ್ದು, ಬಿಸಿಲು ಸರಿದಿದೆ. ಸೂರ್ಯನ ಪಾಠ ನಾನು ಬೇರೆ ಮಾಡಲೇ ಇಲ್ಲ.

ತೊಂದರೆ ಇಲ್ಲ ಅಂತಲ್ಲ. ನಮ್ಮ ಕೋಣೆಯಲ್ಲಿ ಇರುವುದೇ ಒಂದು ಪ್ಲಗ್, ಅದೂ ಸಡಿಲ. ಹೆಡ್ ಮಾಸ್ಟರ್ ಕೋಣೆಯಲ್ಲಿ ಸರದಿ ಮೇಲೆ ಚಾರ್ಜ್ ಹಾಕುತ್ತೇವೆ, ಕರೆಂಟ್ ಹೋದರೆ ಆವತ್ತು ಕಾರ್ಡೇ ಗತಿ. ಒಂದರ ಚಾರ್ಜಿಂಗ್ ತೂತು ಅಲ್ಲಾಡುತ್ತಿದೆ, ಅಂಗಡಿಯವರು ವಾರಂಟಿಗೆ ಬರಲ್ಲ ಅಂದರು. ಅಂಗಳದ ಬಿಸಿಲಲ್ಲಿ ಪರದೆ ಕಾಣುವುದಿಲ್ಲ. ಮಾರ್ಚ್ ಕಳೆದ ಮೇಲೆ ಕಾದು ಕಾದು ತಾನೇ ಆಫ್ ಆಗುತ್ತದೆ. ದಪ್ಪ ರಬ್ಬರ್ ಕವರ್ ಇಲ್ಲದೆ ಮಕ್ಕಳ ಕೈಗೆ ಕೊಡಲೇಬೇಡಿ. ಆಂಡ್ರಾಯ್ಡ್ ಸೆಟ್ಟಿಂಗ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯ ಇದೆ, ಅದನ್ನು ಹಾಕಿಟ್ಟರೆ ಬೇರೆ ಕಡೆ ಸುಲಭವಾಗಿ ಹೋಗಲಾಗದು.

ಒಬ್ಬ ತಂದೆ ಸಭೆಯಲ್ಲಿ ನೇರವಾಗಿ ಕೇಳಿದರು. “ಮನ್ಯಾಗ ಮೊಬೈಲ್ ಬಿಡಸಾಕ ಒದ್ದಾಡಾಕತ್ತೀವ್ರಿ ಅಕ್ಕೋರ, ನೀವು ಸಾಲ್ಯಾಗ ಕೊಡಾಕತ್ತೀರಲ್ರಿ?” ಕೇಳಿದ್ದು ಸರಿಯೇ. ತಂತ್ರಜ್ಞಾನ ಟೀಚರ್ ಜಾಗಕ್ಕೆ ಬರಬಾರದು ಅಂತ 2023ರ ಯುನೆಸ್ಕೋ ಶಿಕ್ಷಣ ವರದಿಯೂ ಹೇಳಿದೆ. ಆದರೆ ಅವರಿಗೆ ವರದಿ ತೋರಿಸಿ ಏನು ಮಾಡಲಿ? ಮಗನ ಎತ್ತು ತೋರಿಸಿದೆ. ಮತ್ತೊಮ್ಮೆ ಹಾಕಿ ಅಂದರು. ಒಪ್ಪಿದರು ಅಂತ ಹೇಳಲಾರೆ, ಮುಂದಿನ ಸಲಕ್ಕೆ ಎರೆಮಣ್ಣು ಮಾತ್ರ ಅವರೇ ಕಳಿಸಿದರು.

ಹಳೆ ಹುಡುಗರು ಈಗ ಮತ್ತೆ ಕೇಳುತ್ತಿದ್ದಾರೆ, ಏನು ಬೇಕು ಅಂತ. ಎರಡು ಟ್ರೈಪಾಡ್, ಒಂದು ಗಟ್ಟಿ ಎಕ್ಸ್‌ಟೆನ್ಷನ್ ಬೋರ್ಡ್ ಅಂದೆ. “ಅಷ್ಟೇನ್ರಿ ಅಕ್ಕೋರ?” ಅಂದವರು ಇನ್ನೊಂದು ಟ್ಯಾಬೇ ನೋಡುತ್ತಿದ್ದಾರಂತೆ.